ಕ್ಯಾನ್ಸರ್ ಮತ್ತು ನಮ್ಮ ದಿನಚರಿ

ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರನ್ನು ಕೇಳದ ಕನ್ನಡಿಗರು ಮುಂಬಯಿಯಲ್ಲಿ ವಿರಳ. ಊರಿನಿಂದ ಬಂದ ರೋಗಿಯ ಕೈಹಿಡಿದು ಅಲ್ಲಿಯ ಸರದಿಯಲ್ಲಿ ನಿಂತವರು ನಮ್ಮ ವಾಚನಾಲಯದ ಓದುಗರಲ್ಲಿಯೂ ಇದ್ದಾರೆ. ಮರಳಿ ಬಂದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ರೋಗ ಹಣೆಬರಹವೇ, ಅಥವಾ ಇದನ್ನು ತಪ್ಪಿಸಿಕೊಳ್ಳುವ ದಾರಿಯೇನಾದರೂ ಉಂಟೇ? ಈ ಸಲದ ಪಾಠಕ್ಕೆ ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ನೂರು ಕ್ಯಾನ್ಸರುಗಳಲ್ಲಿ 30ರಿಂದ 50ರಷ್ಟನ್ನು ಬಾರದಂತೆ ತಡೆಯಲು ಸಾಧ್ಯ. ಉಳಿದವು ವಯಸ್ಸು, ವಂಶ ಮುಂತಾದ ಕಾರಣಗಳಿಂದ ಬರತಕ್ಕವು; ಅವು ನಮ್ಮ ಕೈಮೀರಿದವು. ಆದುದರಿಂದ ರೋಗ ಬಂದವರನ್ನು ‘ನಿನ್ನದೇ ತಪ್ಪು’ ಎಂದು ಹಳಿಯುವುದು ಸಲ್ಲದು. ಹಾಗೆಂದು ಕೈಯೊಳಗಿರುವುದನ್ನು ಬಿಟ್ಟುಕೊಡುವುದೂ ಸಲ್ಲದು.

ನಮ್ಮ ದೇಹದ ಜೀವಕೋಶಗಳು ಸವೆದಂತೆ ಹೊಸವು ಹುಟ್ಟುತ್ತಿರುತ್ತವೆ. ಈ ಹುಟ್ಟಿಗೆ ಒಂದು ಕಟ್ಟುಪಾಡುಂಟು. ಒಂದೇ ಜಾಗಕ್ಕೆ ದಿನವೂ ವಿಷ ತಗುಲುತ್ತಿದ್ದರೆ ಕೋಶದೊಳಗಿನ ಕಟ್ಟಳೆಯೇ ಕೆಡುತ್ತದೆ. ಅದು ಅಂಕೆಯಿಲ್ಲದೆ ಬೆಳೆಯತೊಡಗುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲ, ಅನೇಕ ವರ್ಷಗಳ ಕೆಲಸ. ದಿನಚರಿಯೊಡನೆ ಕ್ಯಾನ್ಸರಿಗೆ ಇರುವ ಸಂಬಂಧವೂ ಇದೇ.

ಹಾಗಾದರೆ ದಿನವೂ ನಮ್ಮ ದೇಹಕ್ಕೆ ತಗುಲುವುದೇನು? ಮೊದಲ ಮಾತು ಎಲೆಯಡಿಕೆಯದು. ಇದನ್ನು ಬರೆಯಲು ನಮಗೆ ಸಂಕೋಚವಿದೆ. ಮನೆಗೆ ಬಂದವರಿಗೆ ತಾಂಬೂಲ ಕೊಡುವುದು ನಮ್ಮ ಮರ್ಯಾದೆ; ಮಲೆನಾಡು, ಕರಾವಳಿಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಿಕೆಯ ತೋಟದಿಂದ. ನಮ್ಮ ಓದುಗರಲ್ಲಿಯೂ ಅಂತಹ ಮನೆಗಳಿಂದ ಬಂದವರಿದ್ದಾರೆ. ಆದರೂ ಸತ್ಯವನ್ನು ಮುಚ್ಚಿಡಲಾಗದು. ಹೊಗೆಸೊಪ್ಪು ಬೆರೆತ ತಾಂಬೂಲ ಕ್ಯಾನ್ಸರ್‌ಕಾರಕವೆಂಬುದು ಹಿಂದೆಯೇ ಸ್ಥಿರಪಟ್ಟಿತ್ತು. ಹೊಗೆಸೊಪ್ಪು ಹಾಕದಿದ್ದರೆ ಬಾಧೆಯಿಲ್ಲವೆಂದು ಅನೇಕರು ನಂಬಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2003ರಲ್ಲಿ ವಿಷಯವನ್ನು ಪರಿಶೀಲಿಸಿ, ಹೊಗೆಸೊಪ್ಪಿಲ್ಲದ ತಾಂಬೂಲವೂ, ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡಬಲ್ಲವೆಂದು ನಿರ್ಣಯಿಸಿತು.

ಅಡಿಕೆಯ ರಸ ಕೆನ್ನೆಯ ಒಳಚರ್ಮಕ್ಕೆ ದಿನವೂ ತಗುಲಿದರೆ ಆ ಚರ್ಮ ತನ್ನ ಮೆದುತನವನ್ನು ಕಳೆದುಕೊಂಡು ನಾರಿನಂತೆ ಬಿಗಿಯಾಗುವುದುಂಟು. ಮೊದಲು ಖಾರ ತಿಂದರೆ ಉರಿ. ಬರಬರುತ್ತ ಬಾಯಿ ಅಗಲಿಸುವುದೇ ಕಷ್ಟ. ಇಂತಹ ಬಾಯಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಹೆಚ್ಚು. ಗುಟಕಾ ಎಂಬುದು ಅಡಿಕೆ, ಹೊಗೆಸೊಪ್ಪು ಎರಡನ್ನೂ ಕೂಡಿಸಿದ ಪೊಟ್ಟಣ. ಮಹಾರಾಷ್ಟ್ರ ಸರಕಾರ 2012ರಲ್ಲಿ ಅದನ್ನು ನಿಷೇಧಿಸಿತು. ಆದರೆ ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆಬೇರೆ ಪೊಟ್ಟಣಗಳಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿದರೆ ಫಲ ಅದೇ. ಬೀಡಿ, ಸಿಗರೇಟುಗಳ ಹೊಗೆಯಂತೂ ಬಾಯಿ, ಗಂಟಲು, ಶ್ವಾಸಕೋಶ, ಮೂತ್ರಕೋಶಗಳವರೆಗೂ ಹಾನಿ ಮಾಡುತ್ತದೆ. ಇವುಗಳ ಜೊತೆಗೆ ಮದ್ಯವೂ ಸೇರಿದರೆ ಬಾಯಿ, ಗಂಟಲುಗಳ ಅಪಾಯ ಹಲವು ಪಟ್ಟು ಏರುತ್ತದೆ.

ರಾತ್ರಿ ಪಾಳಿಯವರು ನಿದ್ದೆ ತಡೆಯಲೆಂದು, ಊಟ ತಡವಾದವರು ಹಸಿವು ಮರೆಯಲೆಂದು ತಂಬಾಕು ಹಾಕುವುದನ್ನು ನಾವು ಬಲ್ಲೆವು. ಬಿಡಿರೆಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ. ಜೇಬಿನಲ್ಲಿ ಬಡೇಸೋಂಪು, ಏಲಕ್ಕಿ, ಹುರಿಗಡಲೆ ಇಟ್ಟುಕೊಂಡು, ಬಾಯಿ ಬೇಡಿದಾಗ ಅದನ್ನು ಹಾಕಿಕೊಳ್ಳಿರಿ. ಒಬ್ಬರೇ ಬಿಡುವುದಕ್ಕಿಂತ ಕೋಣೆಯ ಗೆಳೆಯರಿಬ್ಬರು ಕೂಡಿ ಬಿಡುವುದು ಲೇಸು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತವಾಗಿದೆ. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಹತ್ತು ವರ್ಷ ಹೊಗೆಬತ್ತಿ ಮುಟ್ಟದವನಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಭಯ, ಸೇದುತ್ತಲೇ ಇರುವವನಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಷ್ಟು ವರ್ಷ ಸೇದಿದ್ದರೂ ಬಿಟ್ಟ ದಿನವೇ ಲಾಭದ ಮೊದಲ ದಿನ.

ಇನ್ನು ಊಟ. ದಿನಕ್ಕೆ 400 ಗ್ರಾಂನಷ್ಟು ತರಕಾರಿ, ಹಣ್ಣು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಸೇಬು, ದ್ರಾಕ್ಷಿಯೇ ಆಗಬೇಕಿಲ್ಲ. ಸಂಜೆಯ ಬಾಜಾರಿನಲ್ಲಿ ಅಗ್ಗಕ್ಕೆ ಸಿಗುವ ಮೆಂತ್ಯ ಸೊಪ್ಪು, ಪಾಲಕ, ಮೂಲಂಗಿ, ಕುಂಬಳ, ಎರಡು ಬಾಳೆಹಣ್ಣು ಸಾಕು. ವಡಾಪಾವಿನಿಂದ ಹೊಟ್ಟೆ ತುಂಬೀತು, ನಾರು ದೊರೆಯದು. ನಾರಿನ ಅಂಶವುಳ್ಳ ಊಟ ದೊಡ್ಡ ಕರುಳನ್ನು ಕಾಪಾಡುತ್ತದೆ. ಜೋಳದ ರೊಟ್ಟಿ, ರಾಗಿ ಮುದ್ದೆ, ಹುರುಳಿ, ಹೆಸರು, ಕಡಲೆ—ಊರಿನ ಈ ಊಟವನ್ನು ಇಲ್ಲಿ ಬಡವರ ಊಟವೆಂದು ನಾಚಿ ಬಿಟ್ಟವರು ಮತ್ತೆ ಹಿಡಿಯಲಿ.

ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಅಂದರೆ ಚಹದ ಚಮಚದಲ್ಲಿ ಒಂದು ಚಮಚಕ್ಕಿಂತ ಕಡಿಮೆ. ಉಪ್ಪಿನಲ್ಲಿ ಹಾಕಿಟ್ಟ ಪದಾರ್ಥಗಳ ಅತಿ ಬಳಕೆಗೂ ಜಠರದ ಕ್ಯಾನ್ಸರಿಗೂ ನಂಟು ಕಂಡುಬಂದಿದೆ. ಉಪ್ಪಿನಕಾಯಿ ನಂಜಿಕೊಳ್ಳುವುದಕ್ಕೆ ಇರಲಿ, ಪಲ್ಯದ ಬದಲಿಗೆ ಬೇಡ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಶೇಂಗಾ, ಜೋಳಗಳನ್ನು ಹುರಿದು ತಿನ್ನುವುದೂ ತರವಲ್ಲ. ಬೂಷ್ಟಿನ ವಿಷ ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹುರಿದರೂ ಅದು ಪೂರ್ತಿ ಹೋಗದು. ನಾಲ್ಕು ಕಾಸಿನ ಆಸೆಗೆ ಅದನ್ನು ಉಳಿಸಿಕೊಳ್ಳದೆ ಎಸೆಯಿರಿ.

ದಿನವಿಡೀ ಮೇಜಿನ ಮುಂದೆ ಕೂರುವ ಗುಮಾಸ್ತರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು. ಸ್ಟೇಶನ್ನಿಗೆ ರಿಕ್ಷಾ ಬಿಟ್ಟು ನಡೆದರೆ ಲೆಕ್ಕ ತುಂಬುತ್ತದೆ, ದುಡ್ಡೂ ಉಳಿಯುತ್ತದೆ. ಮೈಯ ಅತಿ ಬೊಜ್ಜು ಕರುಳು, ಸ್ತನ ಮೊದಲಾದ ಕ್ಯಾನ್ಸರುಗಳ ಭಯವನ್ನು ಹೆಚ್ಚಿಸುತ್ತದೆ.

ಅರಿಶಿನ, ಬೆಳ್ಳುಳ್ಳಿ ಅಡಿಗೆಗೆ ಒಳ್ಳೆಯವು. ಆದರೆ ಬಂದ ಕ್ಯಾನ್ಸರನ್ನು ಯಾವ ಪಥ್ಯವೂ ತಾನಾಗಿ ಗುಣಪಡಿಸದು. ಪುಡಿ, ಕಷಾಯಗಳನ್ನು ನಂಬಿ ತಿಂಗಳುಗಳನ್ನು ಕಳೆದವರು ತಡವಾಗಿ ವೈದ್ಯರ ಬಳಿಗೆ ಹೋಗುವುದೇ ದೊಡ್ಡ ಅನಾಹುತ.

ಕೊನೆಯದಾಗಿ ಒಂದು ಅಭ್ಯಾಸ. ತಿಂಗಳಿಗೊಮ್ಮೆ ಬಾಯಿ ತೊಳೆದು, ಕನ್ನಡಿಯ ಮುಂದೆ ಬೆಳಕಿನಲ್ಲಿ ನಿಂತು, ಕೆನ್ನೆಯ ಒಳಭಾಗ, ಒಸಡು, ನಾಲಗೆಯ ಅಡಿ ನೋಡಿಕೊಳ್ಳಿರಿ. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ, ಅಥವಾ ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಿರಿ. ಮೊದಲ ಹಂತದ ಬಾಯಿಯ ಕ್ಯಾನ್ಸರ್ ಬಹುಮಟ್ಟಿಗೆ ಗುಣವಾಗತಕ್ಕದ್ದು. ಒಂದು ದಿನದ ಕೂಲಿ ಹೋದೀತು, ಒಂದು ರಜೆ ಕಳೆದೀತು. ಊರಿನಲ್ಲಿ ನಮ್ಮ ಮನಿಯಾರ್ಡರಿನ ದಾರಿ ಕಾಯುತ್ತಿದ್ದ ಕಾಲದಿಂದ ಇಂದಿನವರೆಗೂ ಮನೆಯವರು ಕಾಯುವುದು ಹಣವನ್ನಷ್ಟೇ ಅಲ್ಲ, ನಮ್ಮನ್ನೂ ಸಹ.