ವಯಸ್ಕರಲ್ಲಿ ಶ್ರವಣಶಕ್ತಿಯ ಕುಂದುವಿಕೆ ಮತ್ತು ದೇಹಾರೋಗ್ಯ

‘ಜಾಣ ಕಿವುಡು’ ಎಂಬುದು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ತಮಗೆ ಬೇಡವಾದದ್ದು ಕೇಳಿಸಲಿಲ್ಲವೆಂದು ನಟಿಸುವವರನ್ನು ಕುರಿತು ಇದನ್ನು ಹೇಳುವುದು ವಾಡಿಕೆ. ಮನೆಯ ಹಿರಿಯರ ವಿಷಯದಲ್ಲಂತೂ ಈ ಆರೋಪ ಪದೇ ಪದೇ ಕೇಳಿಬರುತ್ತದೆ: ಮಗ ಕರೆದರೆ ಓಗೊಡುತ್ತಾರೆ, ಸೊಸೆ ಕರೆದರೆ ಇಲ್ಲ, ಬೆಳಿಗ್ಗೆ ಒಬ್ಬರೇ ಕುಳಿತಿದ್ದಾಗ ಎಲ್ಲವೂ ಕೇಳಿಸುತ್ತದೆ, ಸಂಜೆ ನೆಂಟರು ಬಂದಾಗ ಏನೂ ಕೇಳಿಸುವುದಿಲ್ಲ. ಇದನ್ನು ಹಠವೆಂದೋ ನಟನೆಯೆಂದೋ ತಿಳಿಯುವುದು ಸುಲಭ. ಆದರೆ ವಯಸ್ಸಾದವರಲ್ಲಿ ಶ್ರವಣಶಕ್ತಿ ಕುಂದತೊಡಗುವ ಕ್ರಮವೇ ಹೀಗೆ ಎಂಬುದು ಹೆಚ್ಚಿನವರಿಗೆ ತಿಳಿಯದು.

ಒಳಗಿವಿಯಲ್ಲಿ ಶಂಖದ ಆಕಾರದ ಒಂದು ಸಣ್ಣ ಅಂಗವಿದೆ. ಅದರಲ್ಲಿ ಹುಟ್ಟಿನಿಂದಲೇ ಬಂದ ಸುಮಾರು 15,000 ರೋಮಕೋಶಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಕಿವಿತಮಟೆಯ ಕಂಪನವು ಮೂರು ಪುಟ್ಟ ಮೂಳೆಗಳ ಮೂಲಕ ಇಲ್ಲಿಗೆ ತಲುಪಿ, ಈ ಕೋಶಗಳಲ್ಲಿ ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು, ನರದ ಮೂಲಕ ಮಿದುಳನ್ನು ಸೇರುತ್ತದೆ. ನಾಶವಾದ ರೋಮಕೋಶ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಕೀಚಲು ಧ್ವನಿಗಳನ್ನು ಗ್ರಹಿಸುವ ಕೋಶಗಳು ಶಂಖದ ಬುಡದಲ್ಲಿದ್ದು, ಸಾಮಾನ್ಯವಾಗಿ ಅವೇ ಮೊದಲು ಸವೆಯುತ್ತವೆ. ಮಾತಿನಲ್ಲಿ ಸ್ವರಗಳ ಬಲವು ಕೆಳಗಿನ ಶ್ರುತಿಯಲ್ಲಿಯೂ, ‘ಸ’, ‘ಶ’, ‘ತ’, ‘ಕ’ ಮುಂತಾದ ವ್ಯಂಜನಗಳ ಸ್ಪಷ್ಟತೆಯು ಬಹುಮಟ್ಟಿಗೆ ಮೇಲಿನ ಶ್ರುತಿಯಲ್ಲಿಯೂ ಇರುತ್ತದೆ. ಆದ್ದರಿಂದ ಹಿರಿಯರಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ‘ಸಾಲ’ ಎಂದದ್ದು ‘ಕಾಲ’ ಎಂದೋ ‘ತಾಳ’ ಎಂದೋ ಕೇಳಿಸುತ್ತದೆ. ಹೆಂಗಸರ ಮತ್ತು ಮಕ್ಕಳ ಏರುಶ್ರುತಿಯ ಮಾತು ಗಂಡಸರ ಮಾತಿಗಿಂತ ಮೊದಲು ಅಸ್ಪಷ್ಟವಾಗುತ್ತದೆ. ನಾಲ್ಕು ಜನ ಸೇರಿದ ಗದ್ದಲದಲ್ಲಿ ಉಳಿದ ಸ್ಪಷ್ಟತೆಯೂ ಮುಳುಗಿಹೋಗುತ್ತದೆ. ಸೊಸೆಯ ಕರೆಗೆ ಉತ್ತರ ಬಾರದಿದ್ದರೆ ಅದಕ್ಕೆ ಕಾರಣವನ್ನು ಮನಸ್ಸಿನಲ್ಲಿ ಹುಡುಕುವ ಮೊದಲು ಕಿವಿಯಲ್ಲಿ ಹುಡುಕುವುದು ಲೇಸು.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದ್ದು, ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಪುನರ್ವಸತಿ ಸೇವೆಯ ಅಗತ್ಯವಿದೆ. 60 ವರ್ಷ ಮೀರಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಈ ಎರಡನೆಯ ವರ್ಗಕ್ಕೆ ಸೇರುತ್ತಾರೆ.

ದೆಹಲಿಯಲ್ಲಿನ ಕನ್ನಡ ಕುಟುಂಬಗಳು

ರಾಜಧಾನಿಯಲ್ಲಿ ಹಾಗೂ ಸುತ್ತಲಿನ ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್ ಪ್ರದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈ ಸಮಸ್ಯೆಗೆ ಮತ್ತೊಂದು ಮುಖವಿದೆ. ನಿವೃತ್ತರಾದ ಮೇಲೆ ಮಕ್ಕಳೊಡನೆ ಇರಲು ಊರಿನಿಂದ ಬಂದ ತಂದೆತಾಯಿಗಳಿಗೆ ಹಿಂದಿ ಅಷ್ಟಾಗಿ ಬಾರದು. ತರಕಾರಿಯವನ ಮಾತು, ಕಾವಲುಗಾರನ ಮಾತು, ಮೆಟ್ರೋ ನಿಲ್ದಾಣದ ಪ್ರಕಟಣೆ ಅರ್ಥವಾಗದಿದ್ದರೆ ಭಾಷೆ ಬಾರದ್ದೇ ಕಾರಣವೆಂದು ಮನೆಯವರೂ, ಸ್ವತಃ ಅವರೂ ಭಾವಿಸುತ್ತಾರೆ. ತಾಯ್ನುಡಿಯಲ್ಲಿ ಕೇಳಿಸದ ಅಕ್ಷರವನ್ನು ಸಂದರ್ಭದಿಂದ ಊಹಿಸಿಕೊಳ್ಳಬಹುದು. ಅರೆಬರೆ ತಿಳಿದ ನುಡಿಯಲ್ಲಿ ಆ ಊಹೆ ಸಾಧ್ಯವಿಲ್ಲ. ಹೀಗೆ ಭಾಷೆಯ ನೆಪದಲ್ಲಿ ಕಿವಿಯ ದೋಷ ವರ್ಷಗಟ್ಟಲೆ ಮರೆಯಾಗಿ ಉಳಿಯುತ್ತದೆ. ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಕನ್ನಡದ ಮಾತೂ ಅರ್ಥವಾಗದಿರುವುದನ್ನು ಮನೆಯವರು ಗಮನಿಸಿದರೆ ಸಂಶಯಕ್ಕೆ ಎಡೆಯಿರದು.

ಪರೀಕ್ಷೆಯಲ್ಲಿಯೂ ಈ ಅಂಶ ಮುಖ್ಯ. ಬೇರೆ ಬೇರೆ ಶ್ರುತಿಯ ಶುದ್ಧ ಧ್ವನಿಗಳನ್ನು ಕೇಳಿಸಿ ಮಾಡುವ ಪರೀಕ್ಷೆಗೆ ಭಾಷೆಯ ಹಂಗಿಲ್ಲ. ಪದಗಳನ್ನು ಕೇಳಿಸಿ ತಿರುಗಿ ಹೇಳಿಸುವ ಪರೀಕ್ಷೆ ಹಾಗಲ್ಲ. ಕನ್ನಡಿಗರಿಗೆ ಹಿಂದಿ ಪದಗಳನ್ನು ಕೇಳಿಸಿದರೆ ಫಲಿತಾಂಶ ತಪ್ಪಬಹುದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕಾಗಿಯೇ ಕನ್ನಡ ಪದಪಟ್ಟಿಗಳು ಸಿದ್ಧವಾಗಿವೆ. ದೆಹಲಿಯಲ್ಲಿ ಪರೀಕ್ಷೆಗೆ ಹೋಗುವವರು ತಮ್ಮ ಮಾತೃಭಾಷೆ ಕನ್ನಡವೆಂದು ಮೊದಲೇ ತಿಳಿಸಬೇಕು.

ದೇಹದ ಉಳಿದ ಭಾಗಗಳೊಡನೆ ಸಂಬಂಧ

ಒಳಗಿವಿಗೆ ರಕ್ತ ಒದಗಿಸುವುದು ಒಂದೇ ಒಂದು ಸಣ್ಣ ರಕ್ತನಾಳ. ಅದಕ್ಕೆ ಅಡ್ಡಿಯಾದರೆ ಬೇರೆ ದಾರಿಯಿಲ್ಲ. ಆದ್ದರಿಂದಲೇ ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಧೂಮಪಾನ ಇವು ಕಿವಿಯನ್ನೂ ಬಾಧಿಸಬಲ್ಲವು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ರಾಷ್ಟ್ರಮಟ್ಟದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಶ್ರವಣದೋಷವು ಇತರರಿಗಿಂತ ಸುಮಾರು ಎರಡು ಪಟ್ಟು ಕಂಡುಬಂದಿತು. ಮಧುಮೇಹಿಗಳು ಕಣ್ಣು, ಮೂತ್ರಪಿಂಡ, ಪಾದಗಳನ್ನು ಪರೀಕ್ಷಿಸಿಕೊಳ್ಳುವುದು ಈಗ ರೂಢಿಯಾಗಿದೆ; ಕಿವಿ ಇನ್ನೂ ಆ ಪಟ್ಟಿಗೆ ಸೇರಿದಂತಿಲ್ಲ.

ಬೀಳುವಿಕೆಗೂ ಕಿವಿಗೂ ನಂಟಿದೆ. ದೇಹದ ಸಮತೋಲವನ್ನು ಕಾಯುವ ಅಂಗವು ಒಳಗಿವಿಯಲ್ಲಿಯೇ ಇರುವುದು ಒಂದು ಕಾರಣ. ಕೇಳಿಸಿಕೊಳ್ಳುವುದಕ್ಕೇ ಮಿದುಳಿನ ಗಮನವೆಲ್ಲ ವ್ಯಯವಾಗಿ ಹೆಜ್ಜೆಯ ಮೇಲೆ ಎಚ್ಚರ ತಪ್ಪುವುದು ಇನ್ನೊಂದಿರಬಹುದು. 2012ರ ಒಂದು ಅಧ್ಯಯನದ ಪ್ರಕಾರ ಅಲ್ಪ ಪ್ರಮಾಣದ ಶ್ರವಣದೋಷ ಉಳ್ಳವರೂ ಹಿಂದಿನ ವರ್ಷದಲ್ಲಿ ಬಿದ್ದಿರುವ ಸಂಭವ ಸುಮಾರು ಮೂರು ಪಟ್ಟು ಇತ್ತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾಗಿರುವುದು ಮರೆಗುಳಿತನದ ವಿಷಯ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವು 2024ರ ವರದಿಯಲ್ಲಿ ಬುದ್ಧಿಮಾಂದ್ಯದ ಕಾಯಿಲೆಗೆ ಕಾರಣವಾಗಬಲ್ಲ, ಆದರೆ ತಡೆಯಲು ಅವಕಾಶವಿರುವ 14 ಅಂಶಗಳನ್ನು ಹೆಸರಿಸಿದ್ದು, ಅವುಗಳಲ್ಲಿ ಶ್ರವಣದೋಷವೂ ಒಂದು. ಇದರಿಂದ ಕಿವಿ ಮಂದವಾದವರೆಲ್ಲರಿಗೂ ಮರೆವಿನ ಕಾಯಿಲೆ ಬರುತ್ತದೆಂದು ಹೆದರಬೇಕಾಗಿಲ್ಲ. ಶ್ರವಣ ಸಾಧನವು ಅದನ್ನು ಖಂಡಿತವಾಗಿ ತಡೆಯುತ್ತದೆಂದು ಹೇಳುವಂತೆಯೂ ಇಲ್ಲ. 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ, ಒಟ್ಟಾರೆ ಗುಂಪಿನಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಹೃದ್ರೋಗದಂಥ ಅಪಾಯಗಳು ಹೆಚ್ಚಾಗಿದ್ದ ಗುಂಪಿನಲ್ಲಿ ಮಾತ್ರ, ಶ್ರವಣ ಸಾಧನ ಪಡೆದವರ ಬುದ್ಧಿಶಕ್ತಿಯ ಇಳಿತ ಶೇಕಡ 48ರಷ್ಟು ನಿಧಾನವಾಯಿತು. ಮಾರಾಟಗಾರರ ಜಾಹೀರಾತುಗಳಲ್ಲಿ ಈ ಎರಡನೆಯ ಅಂಕಿಯೊಂದೇ ಕಾಣಿಸಿದರೆ ಓದುಗರು ಮೊದಲನೆಯದನ್ನೂ ನೆನೆಯಬೇಕು.

ಅಂಕಿಅಂಶಗಳಿಗೆ ಸಿಗದ ನಷ್ಟವೂ ಉಂಟು. ಎರಡು ಮೂರು ಬಾರಿ ‘ಏನು?’ ಎಂದು ಕೇಳಿ ಬೈಸಿಕೊಂಡವರು ನಾಲ್ಕನೆಯ ಬಾರಿ ಕೇಳುವುದಿಲ್ಲ, ಸುಮ್ಮನೆ ತಲೆಯಾಡಿಸುತ್ತಾರೆ. ಕ್ರಮೇಣ ಮದುವೆ ಮುಂಜಿಗಳಿಗೆ, ಸಂಘದ ಕಾರ್ಯಕ್ರಮಗಳಿಗೆ, ಭಜನೆಗೆ ಹೋಗುವುದನ್ನು ಬಿಡುತ್ತಾರೆ. ವೈದ್ಯರು ಹೇಳಿದ ಔಷಧಿಯ ಪ್ರಮಾಣವನ್ನು ತಪ್ಪಾಗಿ ಕೇಳಿಸಿಕೊಂಡು ಬರುವ ಅಪಾಯ ಬೇರೆ.

ಕಾರಣಗಳು

ವಯಸ್ಸನ್ನು ತಡೆಯಲಾಗದು, ಶಬ್ದವನ್ನು ತಡೆಯಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಮಿತಿ 50 ಮತ್ತು 40. ಶಬ್ದವನ್ನು ಸತತವಾಗಿ ಅಳೆಯುವ ರಾಷ್ಟ್ರೀಯ ಜಾಲವು 2011ರಲ್ಲಿ ಆರಂಭವಾದಾಗ ಮೊದಲು ಆರಿಸಿದ ಏಳು ನಗರಗಳಲ್ಲಿ ದೆಹಲಿ, ಬೆಂಗಳೂರು ಎರಡೂ ಇದ್ದವು. ರಿಂಗ್ ರಸ್ತೆಯ ವಾಹನದಟ್ಟಣೆಯಲ್ಲಿ ದಿನವಿಡೀ ನಿಲ್ಲುವ ಸಂಚಾರಿ ಪೊಲೀಸರು, ಬಸ್ಸಿನ ಚಾಲಕರು, ಕಾರ್ಖಾನೆಯ ಕೆಲಸಗಾರರು ವಿಶೇಷವಾಗಿ ಎಚ್ಚರ ವಹಿಸಬೇಕು. ಶಬ್ದದಿಂದ ಬರುವ ಶ್ರವಣನಷ್ಟವು ವರದಿ ಮಾಡಲೇಬೇಕಾದ ರೋಗಗಳ ಅನುಸೂಚಿಯಲ್ಲಿದೆ.

ಕಿವಿ ಸೋರುವುದನ್ನು ಕೆಲವರು ದೊಡ್ಡವರಾದ ಮೇಲೂ ಮಾಮೂಲೆಂದು ಬಿಟ್ಟುಬಿಡುತ್ತಾರೆ. ಸೋಂಕು ಮೂಳೆಯನ್ನು ಕೊರೆದು ಮಿದುಳನ್ನು ಮುಟ್ಟಿದ ಪ್ರಸಂಗಗಳುಂಟು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳೂ ಕ್ಯಾನ್ಸರಿಗೆ ನೀಡುವ ಸಿಸ್‌ಪ್ಲಾಟಿನ್ ಔಷಧಿಯೂ ಕಿವಿಗೆ ಹಾನಿ ಮಾಡಬಲ್ಲವು. ಆದರೆ ಹೆದರಿ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು; ಕಿವಿಯಲ್ಲಿ ಮೊರೆತ ಶುರುವಾದರೆ ವೈದ್ಯರಿಗೆ ತಿಳಿಸಬೇಕು. ಹಳೆಯ ದೆಹಲಿಯ ಬೀದಿಗಳಲ್ಲಿ ಕಬ್ಬಿಣದ ಕಡ್ಡಿ ಹಿಡಿದು ಕಿವಿ ಶುಚಿ ಮಾಡಿಕೊಡುವವರ ಮುಂದೆ ಕೂರುವುದಕ್ಕಿಂತ ಗುಗ್ಗೆಯನ್ನು ಇದ್ದಂತೆ ಬಿಡುವುದೇ ಮೇಲು. ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿದ್ದರೆ ಆಸ್ಪತ್ರೆಯಲ್ಲಿ ಅದನ್ನು ಸುರಕ್ಷಿತವಾಗಿ ತೆಗೆಯುತ್ತಾರೆ.

ಒಂದು ಸ್ಥಿತಿ ಮಾತ್ರ ಕಾಯುವಂಥದ್ದಲ್ಲ. ರಾತ್ರಿ ಸರಿಯಾಗಿದ್ದ ಕಿವಿ ಬೆಳಿಗ್ಗೆ ಏಳುವಾಗ ಕೇಳಿಸದಿದ್ದರೆ, ಅಥವಾ ಎರಡು ಮೂರು ದಿನಗಳೊಳಗೆ ಹಠಾತ್ತನೆ ಮಂದವಾದರೆ, ಅದು ನೆಗಡಿಯ ಪರಿಣಾಮವೆಂದು ಎಣ್ಣೆ ಬಿಟ್ಟುಕೊಂಡು ಕೂರದೆ ಅದೇ ದಿನ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಮೊದಲ ಎರಡು ವಾರಗಳು ಕಳೆದ ಮೇಲೆ ಚಿಕಿತ್ಸೆಯ ಫಲ ಬಹಳ ಕಡಿಮೆ.

ಪರೀಕ್ಷೆ ಮತ್ತು ಸೌಲಭ್ಯ

ಕಿವುಡುತನದ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 2006-07ರ ಸಾಲಿನಲ್ಲಿ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ರಾಜಧಾನಿ ಪ್ರದೇಶದಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಸಫ್ದರ್‌ಜಂಗ್, ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಗಳಲ್ಲಿ ಕಿವಿಯ ತಪಾಸಣೆ ಲಭ್ಯವಿದೆ. ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ನೋಯ್ಡಾದಲ್ಲಿದೆ. ಅಂಗವಿಕಲರಿಗೆ ಸಹಾಯಕ ಸಾಧನ ಒದಗಿಸುವ, 1981ರಿಂದ ನಡೆದುಬಂದಿರುವ ಕೇಂದ್ರ ಯೋಜನೆಯಲ್ಲಿಯೂ, ಹಿರಿಯ ನಾಗರಿಕರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿಯೂ ಅರ್ಹರಿಗೆ ಶ್ರವಣ ಸಾಧನ ದೊರೆಯುತ್ತದೆ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ‘ಶ್ರವಣಮಾಂದ್ಯ’ವೆಂದರೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟ. ಅದು ಪ್ರಮಾಣಪತ್ರಕ್ಕೆ ಸಂಬಂಧಿಸಿದ ಅಳತೆ. ಸಾಧನದ ಅಗತ್ಯವು ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಪ್ರಮಾಣಪತ್ರ ಸಿಗಲಿಲ್ಲವೆಂದು ಕಿವಿ ಸರಿಯಿದೆ ಎಂದು ತಿಳಿಯಬಾರದು.

ಸಾಧನ ಬಂದ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಪಂಖದ ಸದ್ದು, ತಮ್ಮದೇ ಹೆಜ್ಜೆಯ ಸದ್ದು ಕರ್ಕಶವೆನಿಸುತ್ತದೆ. ವರ್ಷಗಳ ಕಾಲ ಇವನ್ನು ಕೇಳದಿದ್ದ ಮಿದುಳು ಹೊಂದಿಕೊಳ್ಳಲು ಕಾಲ ಬೇಕು. ಅನೇಕ ಸಾಧನಗಳು ಪೆಟ್ಟಿಗೆ ಸೇರುವುದು ಈ ಅವಧಿಯಲ್ಲಿಯೇ. ಮೊದಲು ಮನೆಯಲ್ಲಿ ಒಬ್ಬರೊಡನೆ ಮಾತನಾಡುವಾಗ ಕೆಲವು ಗಂಟೆ ಧರಿಸಿ, ದಿನೇ ದಿನೇ ಹೆಚ್ಚಿಸಿ, ತೊಂದರೆಯಾದರೆ ಶ್ರವಣತಜ್ಞರಲ್ಲಿಗೆ ಹಿಂದಿರುಗಿ ಹೋಗಿ ಹೊಂದಿಸಿಕೊಳ್ಳಬೇಕು. ಮನೆಯವರು ಕಿರುಚಿ ಮಾತನಾಡುವುದು ಬೇಡ. ಎದುರಿಗೆ, ಬೆಳಕು ಮುಖಕ್ಕೆ ಬೀಳುವಂತೆ ಕುಳಿತು, ದೂರದರ್ಶನವನ್ನು ನಿಲ್ಲಿಸಿ, ಸ್ವಲ್ಪ ನಿಧಾನವಾಗಿ ಮಾತನಾಡಿದರೆ ಸಾಕು. ದೆಹಲಿಯ ಮಳೆಗಾಲದ ಜಿಗುಟು ಸೆಕೆಯಲ್ಲಿ ಬೆವರು ಸಾಧನದೊಳಗೆ ಇಳಿಯುವುದರಿಂದ, ರಾತ್ರಿ ಅದನ್ನು ಬಟ್ಟೆಯಿಂದ ಒರೆಸಿ, ತೇವ ಹೀರುವ ಪುಡಿಕೆಯಿರುವ ಮುಚ್ಚಿದ ಡಬ್ಬಿಯಲ್ಲಿಡಬೇಕು.