ಧನ್ಯೆ ಮೇರಿ ಆಫ್ ದಿ ಪ್ಯಾಷನ್: ಕೊಯಮತ್ತೂರಿನ ನಂಟು

ಜನನ: ಫ್ರಾನ್ಸಿನ ನಾಂಟ್, 21 ಮೇ 1839. ಪೂರ್ವಾಶ್ರಮದ ಹೆಸರು ಎಲೆನ್ ದ ಷಪೊಟಾಂ. 1865ರಲ್ಲಿ ಮಧುರೈ ಮಿಷನ್‌ಗೆ ಬಂದರು. ಮೂವತ್ತು ತುಂಬುವ ಮೊದಲೇ ಅಲ್ಲಿ ತಮ್ಮ ಸನ್ಯಾಸಿನಿ ಸಂಘದ ಪ್ರಾಂತೀಯ ಮುಖ್ಯಸ್ಥೆ.

ಪರೀಕ್ಷೆಗೆ ಮುಖ್ಯವಾದದ್ದು 1876. ಮಧುರೈನಲ್ಲಿ ಸಂಘದೊಳಗೆ ಎದ್ದ ಭಿನ್ನಾಭಿಪ್ರಾಯದ ನಂತರ ಇಪ್ಪತ್ತು ಸನ್ಯಾಸಿನಿಯರು ತಮ್ಮ ಸಂಘ ತೊರೆದು ಊಟಿಯಲ್ಲಿ ಒಟ್ಟಾದರು. ಎಲೆನ್ ಅವರಲ್ಲಿ ಒಬ್ಬರು. ಆಗ ಊಟಿ ಕೊಯಮತ್ತೂರಿನ ಧರ್ಮಾಡಳಿತಕ್ಕೆ ಸೇರಿತ್ತು. ನೆಲೆಯಿಲ್ಲದ ಆ ಗುಂಪಿನ ಪರವಾಗಿ ಎಲೆನ್ ಅವರೇ ರೋಮಿಗೆ ಹೋದರು. 1877ರ ಜನವರಿ 6ರಂದು ಪೋಪ್ ಒಂಬತ್ತನೇ ಪಯಸ್ ಹೊಸ ಸಂಘಕ್ಕೆ ಒಪ್ಪಿಗೆ ಕೊಟ್ಟರು. ಅದೇ ಇಂದಿನ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ. ಜಗತ್ತಿನಾದ್ಯಂತ ಹಬ್ಬಿದ ಸಂಘವೊಂದರ ಬೇರು ನೀಲಗಿರಿಯಲ್ಲಿದೆ ಎಂಬುದು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಾದ ಸಂಗತಿ.

ಬೋಧನೆಯ ತಿರುಳು: ಪರಮಪ್ರಸಾದದ ಆರಾಧನೆ, ಮರಿಯಳಂತೆ ದೇವರಿಗೆ ಪೂರ್ಣ ಸಮ್ಮತಿ, ಫ್ರಾನ್ಸಿಸರ ಬಡತನ, ಎಲ್ಲಿ ಕಳಿಸಿದರೂ ಹೊರಡುವ ಸಿದ್ಧತೆ. ಇದು ಬರಿಯ ಮಾತಾಗಿರಲಿಲ್ಲ. 1900ರ ಜುಲೈ 9ರಂದು ಚೀನಾದ ತೈಯುವಾನ್‌ನಲ್ಲಿ ಈ ಸಂಘದ ಏಳು ಸಹೋದರಿಯರು ಬಾಕ್ಸರ್ ದಂಗೆಯಲ್ಲಿ ಹತರಾದರು. 2000ದಲ್ಲಿ ಅವರು ಸಂತರಾದರು.

ನಿಧನ: ಇಟಲಿಯ ಸಾನ್‌ರೆಮೊ, 15 ನವೆಂಬರ್ 1904.

ಗೊಂದಲ ಬೇಡ: ಸಂತ ಪದವಿ ಪಡೆದವರು ಅಲ್ಫೋನ್ಸಾ (2008), ಮದರ್ ತೆರೇಸಾ (2016) ಮುಂತಾದ ಭಾರತದ ಸನ್ಯಾಸಿನಿಯರು. ಮೇರಿ ಆಫ್ ದಿ ಪ್ಯಾಷನ್ 2002ರ ಅಕ್ಟೋಬರ್ 20ರಂದು ಪಡೆದದ್ದು ಅದರ ಹಿಂದಿನ ಹಂತವಾದ 'ಧನ್ಯೆ' ಪದವಿ.