ಮೂಗು ಕಟ್ಟಿದ್ದರೆ ನೇತ್ರಾಣಿಯಲ್ಲಿ ಇಳಿಯಬೇಡಿ

ಮೂಗು ಕಟ್ಟಿದ್ದರೆ ಸ್ಕೂಬಾ ಡೈವಿಂಗಿಗೆ ಇಳಿಯಬೇಡಿ. ಮುಂಗಡ ಕೊಟ್ಟ ದುಡ್ಡು ಹೋದರೆ ಹೋಗಲಿ, ಜೊತೆಗೆ ಬಂದವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಈ ಮಾತನ್ನು ನಾನು ಮುರುಡೇಶ್ವರದಲ್ಲಿ ಬೋಟು ಹತ್ತುವ ಮೊದಲೇ ಹೇಳಿದ್ದೆ. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಕಿವಿ ಕೇಳಿಸದೆ ಕೂತವನು ನಾನು.

ಊಟಿ ಹತ್ತಿರದ ನಮ್ಮ ಸೋಲೂರಿನ ಜನವರಿ ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ತಲೈಕುಂದಾದ ಹುಲ್ಲೆಲ್ಲ ಬೆಳಗ್ಗೆ ಹಿಮ ಕಟ್ಟಿ ಬೆಳ್ಳಗಿರುತ್ತದೆ, ಟೀ ಗಿಡದ ಚಿಗುರು ಸುಟ್ಟುಹೋಗುತ್ತದೆ, ಮನೆಯಲ್ಲಿ ಒಬ್ಬರಿಗಾದರೂ ನೆಗಡಿ ತಪ್ಪುವುದಿಲ್ಲ. ಅಂಥ ಹೊತ್ತಲ್ಲೇ ಮೈಸೂರಿನ ಭಾವನಿಗೆ ನೇತ್ರಾಣಿ ದ್ವೀಪದ ಹುಚ್ಚು ಹತ್ತಿತು. 2022ರಲ್ಲಿ ಬಂದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ನೋಡಿದಾಗಿನಿಂದ ಅದೇ ಜಪ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ, ಅಕ್ಟೋಬರಿನಿಂದ ಮೇವರೆಗೆ ಮಾತ್ರ. ಫೆಬ್ರವರಿಗೆ ಹೋಗೋಣ ಅಂದೆ. ರಜೆ ಇಲ್ಲ ಅಂದರು. ಶೀತ ಇದೆ, ಕಿವಿ ಬಿಗಿದಿದೆ ಅಂದೆ.

"ಕಲ್ಹಟ್ಟಿ ಘಾಟಿ ಇಳಿದು ಇಳಿದು ಕಿವಿ ಪಟ್ ಅನ್ನಿಸಿಕೊಂಡೇ ಬೆಳೆದೋನು ನೀನು. ನಿನಗೇನಯ್ಯಾ ಭಯ?"

ಭಾವನ ಈ ಒಂದು ಮಾತಿಗೆ ಕಾರಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಕೇಳಲು ಸರಿಯಾಗಿಯೇ ಇದೆ. ಲೆಕ್ಕ ಹಾಕಿದರೆ ಮಾತ್ರ ಪೂರ್ತಿ ತಪ್ಪು. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ, ಮಸಿನಗುಡಿ ಸುಮಾರು 1,000 ಮೀಟರಿನಲ್ಲಿ. ಕಲ್ಹಟ್ಟಿಯ 36 ಹೇರ್‌ಪಿನ್ ತಿರುವುಗಳನ್ನೂ ಇಳಿದು ಮುಗಿಸಿದಾಗ ಕಿವಿಯ ಮೇಲೆ ಹೆಚ್ಚಾಗುವ ಗಾಳಿಯ ಒತ್ತಡ ಎಷ್ಟು ಗೊತ್ತೇ? ಒಂದೂಕಾಲು ಮೀಟರ್ ನೀರಿನಷ್ಟು. ಊಟಿಯಿಂದ ಸಮುದ್ರದ ದಂಡೆವರೆಗೆ ಇಳಿದರೂ ಎರಡೂವರೆ ಮೀಟರ್ ನೀರಿಗೆ ಸಮ, ಅಷ್ಟೆ. ಘಾಟಿಯಲ್ಲಿ ಇದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಸಮಯವಿದೆ, ನಡುವೆ ಎಂಜಲು ನುಂಗಬಹುದು, ಆಕಳಿಸಬಹುದು. ನೀರಿನಲ್ಲಿ ಅದೇ ಒತ್ತಡ ಕೆಲವೇ ಸೆಕೆಂಡಿನಲ್ಲಿ ಬಂದು ಬೀಳುತ್ತದೆ. ಬಾಯಲ್ಲಿ ರಬ್ಬರಿನ ಮೌತ್‌ಪೀಸ್, ಸಿಲಿಂಡರಿನ ಒಣಗಾಳಿಗೆ ಗಂಟಲು ಆರಿ ನುಂಗಲು ಎಂಜಲೂ ಇರುವುದಿಲ್ಲ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿದ್ದುದರ ಎರಡರಷ್ಟು, ಒಳಗಿನ ಗಾಳಿ ಕುಗ್ಗಿ ಅರ್ಧ. ಆದ್ದರಿಂದ ಕಿವಿಗೆ ಕಷ್ಟವೆಲ್ಲ ಮೊದಲ ಕೆಲವು ಮೀಟರುಗಳಲ್ಲೇ. ಆಳಕ್ಕೆ ಹೋದವರಿಗೆ ಮಾತ್ರ ತೊಂದರೆ ಎನ್ನುವುದು ಸುಳ್ಳು.

ಮುರುಡೇಶ್ವರದಲ್ಲಿ ಒಂದು ಫಾರಂ ತುಂಬಿಸಿಕೊಂಡರು. ನೆಗಡಿ, ಸೈನಸ್, ಕಿವಿಯ ತೊಂದರೆ ಇದೆಯೇ ಎಂಬ ಪ್ರಶ್ನೆಗೆ 'ಇದೆ' ಅಂತಲೇ ಬರೆದೆ. ಮೇಜಿನ ಹಿಂದಿದ್ದ ಹುಡುಗ ನೋಡಿ, "ಸಣ್ಣ ಶೀತ ಅಲ್ವಾ ಸಾರ್, ಏನೂ ಆಗಲ್ಲ" ಅಂದ. ಅವನು ಹಾಗಂದದ್ದಕ್ಕೆ ಭಾವನೇ ಸಾಕ್ಷಿ, ಈಗ ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ದಂಡೆಯಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಹೋಗುವಷ್ಟರಲ್ಲಿ ಅರ್ಧ ಜನ ವಾಂತಿ ಮಾಡಿದ್ದರು. ನನಗೆ ಅದೊಂದು ಆಗಲಿಲ್ಲ. ಘಾಟಿಯಲ್ಲಿ ಬೆಳೆದದ್ದರ ಲಾಭ ಅಷ್ಟೇ ಇರಬೇಕು.

ಲಂಗರಿನ ಹಗ್ಗ ಹಿಡಿದು ಇಳಿಯಬೇಕು. ಬೆನ್ನ ಹಿಂದೆ ಇನ್‌ಸ್ಟ್ರಕ್ಟರ್, ಅವನ ಕೈ ನನ್ನ ಸಿಲಿಂಡರಿನ ಕುತ್ತಿಗೆಯ ಮೇಲೆ. ಇಳಿಸುವುದೂ ಅವನೇ, ಏರಿಸುವುದೂ ಅವನೇ. ತಲೆ ಮುಳುಗಿತು. ಮಾಸ್ಕಿನ ರಬ್ಬರಿನ ಮೇಲಿಂದ ಮೂಗು ಒತ್ತಿ ಊದಿದೆ. ಬಲಗಿವಿ 'ಟಿಕ್' ಅಂತ ತೆರೆದುಕೊಂಡಿತು, ಎಡಗಿವಿ ಇಲ್ಲ. ಅಂಗೈ ಅಡ್ಡ ಹಿಡಿದು ಅಲುಗಾಡಿಸಿ ಕಿವಿ ತೋರಿಸಿದೆ; 'ಸರಿಯಿಲ್ಲ' ಎನ್ನಲು ಅವರೇ ಕಲಿಸಿದ್ದ ಸನ್ನೆ. ಅವನು ತನ್ನ ಮೂಗು ಹಿಡಿದು ತೋರಿಸಿದ, ಊದು ಅಂತ. ಊದಿದೆ. ಎಡಗಿವಿಯೊಳಗೆ ಕೀಂಯ್ ಎಂಬ ಸಣ್ಣ ಸದ್ದು, ಆಮೇಲೆ ಅದೂ ಇಲ್ಲ. ಹಗ್ಗದ ಮೇಲೆ ನನ್ನ ಕೈ ಜಾರುತ್ತಲೇ ಇತ್ತು. ಕೆಳಗೆ ಬಂಡೆಯ ಪಕ್ಕ ಕ್ಯಾಮರಾ ಹಿಡಿದ ಇನ್ನೊಬ್ಬ ಹುಡುಗ ಕಾಯುತ್ತಿದ್ದ. ಪ್ಯಾಕೇಜಿನಲ್ಲಿ ವಿಡಿಯೋ ಸೇರಿದೆಯಲ್ಲ! ಹೆಬ್ಬೆರಳು ಮೇಲೆತ್ತಿದೆ. ನೀರಿನಡಿ ಅದಕ್ಕೆ 'ಮೇಲೆ ಕರೆದೊಯ್ಯಿ' ಎಂದೇ ಅರ್ಥ, ಬೇರೆ ಇಲ್ಲ. ಅವನು ಕ್ಯಾಮರಾ ಹುಡುಗನ ಕಡೆ ನೋಡಿದ. ಇನ್ನೊಂದು ಮಾರು ಕೆಳಗಿಳಿಸಿದ.

ದಬ್ಬಳ ಹಾಕಿ ತಿರುಗಿಸಿದಂಥ ನೋವು, ಕಿವಿಯಿಂದ ದವಡೆಗೆ, ಅಲ್ಲಿಂದ ಹಲ್ಲಿಗೆ. ಮೌತ್‌ಪೀಸ್ ಕಚ್ಚಿ ಹಿಡಿದೆ. ಆಮೇಲೆ ನೋವು ಥಟ್ಟನೆ ನಿಂತುಹೋಯಿತು. ಅಬ್ಬಾ ಅನ್ನಿಸಿತು, ಒಂದೇ ಕ್ಷಣ. ಕಿವಿಯೊಳಗೆ ಏನೋ ತಣ್ಣಗೆ ಹರಿಯಿತು, ಅದರ ಹಿಂದೆಯೇ ಸಮುದ್ರವೆಲ್ಲ ಗಿರ್ರನೆ ತಿರುಗಲು ಶುರುವಾಯಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಬಂಡೆ ತಲೆಯ ಮೇಲೆ ಬಂದಂತಿತ್ತು, ಮೀನಿನ ಹಿಂಡು ಪಕ್ಕಕ್ಕೆ ಬೀಳುತ್ತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಜೋರು. ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡು, ನಾನು ಬಿಟ್ಟ ಗುಳ್ಳೆಗಳು ಎತ್ತ ಹೋಗುತ್ತಿವೆ ಅಂತ ನೋಡಿದೆ. ಅವು ನನ್ನ ಎಡಭುಜದ ಕಡೆ ಹೋಗುತ್ತಿದ್ದವು. ಹಾಗಾದರೆ ಅದೇ ಮೇಲೆ. ನಾನು ಹಗ್ಗ ಬಿಡದೆ ಕೂತದ್ದನ್ನು ಕಂಡ ಮೇಲಷ್ಟೇ ಇನ್‌ಸ್ಟ್ರಕ್ಟರಿಗೆ ಜ್ಞಾನೋದಯವಾದದ್ದು.

ಬೋಟಿಗೆ ಎಳೆದುಹಾಕಿದಾಗ ಮಾಸ್ಕಿನೊಳಗೆ ರಕ್ತವಿತ್ತು. ಭಾವ ಮೊದಲು ಕೇಳಿದ್ದು, "ವಿಡಿಯೋ ಬಂತಾ?"

ರೂಮಿಗೆ ಬಂದ ಮೇಲೆ ಅಕ್ಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಲು ಹೊರಟಳು. ಎಣ್ಣೆ ಬೇಡವೇ ಬೇಡ ಅಂತ ಹಟ ಹಿಡಿದೆ. ಹಟಮಾರಿ ಅಂತ ಬೈಸಿಕೊಂಡರೂ ಆ ಹಟವೇ ನನ್ನ ಕಿವಿ ಉಳಿಸಿತು. ಮೈಸೂರಿನ ಇಎನ್‌ಟಿ ವೈದ್ಯರು ನೋಡಿ ಎಡ ಕಿವಿತಮಟೆಯಲ್ಲಿ ಸಣ್ಣ ತೂತು ಬಿದ್ದಿದೆ ಅಂದರು. ನೋವು ನಿಂತ ಕ್ಷಣವೇ ತಮಟೆ ಹರಿದ ಕ್ಷಣ. ಒಳಗೆ ನುಗ್ಗಿದ ತಣ್ಣೀರಿಗೆ ತಲೆ ತಿರುಗಿದ್ದು. ಇಂಥ ಸಣ್ಣ ತೂತು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ಮುಚ್ಚುತ್ತದೆ, ನೀರು-ಎಣ್ಣೆ ಸೋಕಬಾರದು, ಮೂಗು ಜೋರಾಗಿ ಸೀಟಬಾರದು, ಅಷ್ಟೆ. ಘಾಟಿ ಹತ್ತಿ ಊರಿಗೆ ಬರುವಾಗ ಬಲಗಿವಿ ಎಂದಿನಂತೆ ಪಟ್ ಪಟ್ ಅನ್ನುತ್ತಿತ್ತು. ಎಡಗಿವಿ ಒಮ್ಮೆಯೂ ಅನ್ನಲಿಲ್ಲ. ತೂತಿದ್ದ ಮೇಲೆ ಗಾಳಿಗೆ ಏನು ಅಡ್ಡಿ!

ವೈದ್ಯರು ತಿಳಿಸಿದ್ದನ್ನೂ ನಾನು ಓದಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಮೂಗಿನ ಹಿಂದಿನಿಂದ ನಡುಗಿವಿಗೆ ಹೋಗುವ ಯೂಸ್ಟೇಶಿಯನ್ ನಾಳವೇ ಎಲ್ಲದಕ್ಕೂ ಮೂಲ. ನೆಗಡಿಯಲ್ಲಿ ಅದರ ಬಾಯಿ ಊದಿಕೊಂಡಿರುತ್ತದೆ. ಹೊರಗಿನ ಒತ್ತಡ ಸುಮಾರು ಒಂದೂಕಾಲು ಮೀಟರ್ ನೀರಿನಷ್ಟು, ಅಂದರೆ ಒಂದು ಕಲ್ಹಟ್ಟಿಯಷ್ಟು, ಹೆಚ್ಚಾದರೆ ಸಾಕು, ನಾಳ ಬಿಗಿದುಕೊಳ್ಳುತ್ತದೆ. ಆಮೇಲೆ ಎಷ್ಟು ಊದಿದರೂ ತೆರೆಯದು, ಜೋರು ಮಾಡಿದರೆ ಒಳಗಿವಿಗೇ ಪೆಟ್ಟು. ಹಾಗಾಗಿ ನೋವು ಬರುವವರೆಗೆ ಕಾಯಬಾರದು. ನೀರಿಗೆ ಇಳಿಯುವ ಮೊದಲೇ ಒಮ್ಮೆ, ಆಮೇಲೆ ಮೊಳ ಮೊಳಕ್ಕೂ ಒಮ್ಮೆ, ಮೆಲ್ಲಗೆ ಕಿವಿ ತೆರೆಸಿಕೊಳ್ಳಬೇಕು. ಮೂಗು ಹಿಡಿದು ಊದುವುದು ಇಟಲಿಯ ವಾಲ್ಸಾಲ್ವಾನ ಹೆಸರಿನಲ್ಲಿದೆ. ಮೂಗು ಹಿಡಿದು ನುಂಗುವುದು ಲಂಡನ್ನಿನ ಕಿವಿ ವೈದ್ಯ ಟಾಯ್ನ್‌ಬಿಯದು, ಕೆಲವರಿಗೆ ಅದೇ ಹಿತ. ಕಾಲು ಕೆಳಗೆ ಮಾಡಿ ಇಳಿಯಿರಿ, ತಲೆ ಕೆಳಗೆ ಮಾಡಿದರೆ ನಾಳ ತೆರೆಯುವುದು ಕಷ್ಟ. ತೆರೆಯದಿದ್ದರೆ ಒಂದು ಮೀಟರ್ ಮೇಲೆ ಬಂದು ನೋಡಿ, ಆಗಲೂ ಆಗದಿದ್ದರೆ ಅಂದಿಗೆ ಮುಗಿಯಿತು. ಮೂಗಿಗೆ ಹನಿ ಬಿಟ್ಟುಕೊಂಡು ಇಳಿಯುವವರಿದ್ದಾರೆ. ನೀರೊಳಗೇ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಬೀಳುತ್ತದೆ.

ನಮ್ಮ ಬೆಟ್ಟದವರಿಗೆ ಇನ್ನೊಂದು ಮಾತು. ಇದನ್ನು ಅಲ್ಲಿ ಯಾರೂ ನಮಗೆ ಹೇಳಲಿಲ್ಲ. ಡೈವ್ ಮಾಡಿದವರ ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅದಕ್ಕಾಗಿ ವಿಮಾನ ಹತ್ತುವ ಮೊದಲು ಒಂದು ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಬೇಕೆಂಬ ಸಲಹೆಯಿದೆ. ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 2,400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. ಊಟಿಯ ಎತ್ತರ ಅದಕ್ಕಿಂತ ಸ್ವಲ್ಪವೇ ಕಡಿಮೆ. ಆದ್ದರಿಂದ ನೇತ್ರಾಣಿಯಿಂದ ಬಂದ ಸಂಜೆಯೇ ಗೇರುಸೊಪ್ಪೆ ಘಟ್ಟ ಹತ್ತಿ ಊರಿನ ಕಡೆ ಹೊರಡಬೇಡಿ. ಭಾವಂದಿರು ಎಷ್ಟೇ ಅವಸರ ಮಾಡಲಿ, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.